ಬಾಗಿದ ತಂತಿಯ ಲೆಕ್ಕ

ನಂಜನಗೂಡಿನಿಂದ ತಿರುಮಕೂಡಲಿನವರೆಗೆ ಕಪಿಲೆ ನೇರವಾಗಿ ಹರಿದವಳಲ್ಲ. ಶ್ರೀಕಂಠೇಶ್ವರನ ಸನ್ನಿಧಿಯನ್ನು ಮುಟ್ಟಿ, ಗದ್ದೆ ತೋಟಗಳ ನಡುವೆ ಬಳುಕುತ್ತ ಸಾಗಿ, ಕೊನೆಗೆ ಗುಂಜಾ ನರಸಿಂಹಸ್ವಾಮಿಯ ಊರಿನಲ್ಲಿ ಕಾವೇರಿಯ ಮಡಿಲನ್ನು ಸೇರುತ್ತಾಳೆ. ಈ ಹಾದಿಯ ಉದ್ದವೆಷ್ಟೆಂದು ಅಳೆಯಹೊರಟ ಹಳೆಯ ಕಾಲದ ಮೋಜಿಣಿದಾರನ ಕೈಯಲ್ಲಿ ಇದ್ದುದಾದರೋ ಸರಪಣಿ. ಬಿಗಿಯಾಗಿ ಎಳೆದರೆ ಸರಪಣಿ ನೇರವಾಗಿಯೇ ನಿಲ್ಲುತ್ತದೆ. ನದಿಯಂತೆ ಬಾಗಲು ಅದಕ್ಕೆ ಬಾರದು. ಆದ್ದರಿಂದ ಅವನು ದಂಡೆಯ ಮೇಲೆ ಅಲ್ಲಲ್ಲಿ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಸರಪಣಿ ಎಳೆದು, ತುಂಡು ತುಂಡುಗಳನ್ನು ಕೂಡಿಸಿ ಮೊತ್ತ ಹೇಳುತ್ತಿದ್ದ. ಗೂಟಗಳು ತೀರ ದೂರವಾದರೆ ತಿರುವುಗಳು ಲೆಕ್ಕಕ್ಕೆ ಸಿಗದೆ ನದಿ ಗಿಡ್ಡವಾಗುತ್ತದೆ. ತೀರ ಹತ್ತಿರವಾದರೆ ವರ್ಷ ಕಳೆದರೂ ಅಳತೆ ಮುಗಿಯುವುದಿಲ್ಲ. ಎಷ್ಟು ಗೂಟ ಸಾಕು ಎಂಬುದೇ ಆ ಕಸುಬಿನ ಮರ್ಮ.

ಬಾಗಿದ್ದನ್ನು ನೇರವಾದ ತುಂಡುಗಳಿಂದ ಅಳೆಯುವ ಈ ವಿದ್ಯೆ ಬಹಳ ಹಳೆಯದು. ಹೊಸ ಸಂಗತಿಯೆಂದರೆ, ಇಂದು ನಮ್ಮೆಲ್ಲರ ಜೇಬಿನಲ್ಲಿರುವ ಫೋನಿನ ಒಡಲಲ್ಲಿಯೂ, ಆಕಾಶದಲ್ಲಿ ಸುತ್ತುವ ಉಪಗ್ರಹದ ಒಡಲಲ್ಲಿಯೂ ಇದೇ ಪ್ರಶ್ನೆ ಕುಳಿತಿದೆ. ಅಲ್ಲಿ ನದಿಯ ಬದಲು ಕೂದಲೆಳೆಗಿಂತ ತೆಳುವಾದ ಒಂದು ತಂತಿ. ಸರಪಣಿಯ ಬದಲು ಗಣಕಯಂತ್ರ. ಈ ತಂತಿಯ ಚರಿತ್ರೆಯನ್ನು ಹಿಡಿದು ಹೊರಟರೆ ಅದು ಅಮೆರಿಕದ ಪ್ರಯೋಗಶಾಲೆಗಳನ್ನು ಹಾದು, ಅಚ್ಚರಿಯಾಗುವಂತೆ, ಕಪಿಲೆಯ ದಂಡೆಗೇ ಬಂದು ನಿಲ್ಲುತ್ತದೆ. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೂದಲೆಳೆಗಿಂತ ತೆಳ್ಳನೆಯ ಚಿನ್ನ

ಚಿಪ್ ಎಂದು ಈಗ ಎಲ್ಲರ ಬಾಯಲ್ಲಿರುವ ವಸ್ತು ಸಿಲಿಕಾನಿನ ಒಂದು ಪುಟ್ಟ ಬಿಲ್ಲೆ. ಅದರ ಮೇಲೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಕೆತ್ತಿರಬಹುದು. ಆದರೆ ಆ ಬಿಲ್ಲೆ ಹೊರಗಿನ ಪ್ರಪಂಚದೊಡನೆ ತಾನಾಗಿ ಮಾತನಾಡಲಾರದು. ಅದರ ಅಂಚಿನಲ್ಲಿರುವ ಲೋಹದ ಮಚ್ಚೆಗಳಿಗೂ ಹೊರಗಿನ ಲೋಹದ ಕಾಲುಗಳಿಗೂ ಸಂಬಂಧ ಕಲ್ಪಿಸಬೇಕು. ಈ ಕೆಲಸ ಮಾಡುವ ತಂತಿಯನ್ನು ಎಂಜಿನಿಯರುಗಳು ವೈರ್ ಬಾಂಡ್ ಎನ್ನುತ್ತಾರೆ. ನಾವು ಬೆಸುಗೆ ತಂತಿ ಎನ್ನೋಣ.

೧೯೫೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಆಂಡರ್ಸನ್, ಕ್ರಿಸ್ಟೆನ್ಸನ್ ಮತ್ತು ಆಂಡ್ರಿಯಾಚ್ ಎಂಬ ಮೂವರು ಈ ಬೆಸುಗೆಯ ಒಂದು ಹೊಸ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಲೋಹವನ್ನು ಕರಗಿಸುವ ಪ್ರಮೇಯವೇ ಇಲ್ಲ. ಹದವಾದ ಬಿಸಿ ಮತ್ತು ಒತ್ತಡ ಇವೆರಡರಿಂದಲೇ ಚಿನ್ನದ ತಂತಿ ಬಿಲ್ಲೆಗೆ ಅಂಟಿ ನಿಲ್ಲುತ್ತದೆ. ಮುಂದೆ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಕಂಪನವನ್ನೂ ಸೇರಿಸಿಕೊಂಡು ಈ ಕ್ರಮ ಬೆಳೆಯಿತು. ಚಿನ್ನದ ಜೊತೆಗೆ ಅಲ್ಯೂಮಿನಿಯಂ ಬಂತು, ತಾಮ್ರವೂ ಬಂತು. ತಂತಿಯ ದಪ್ಪ ಸಾಮಾನ್ಯವಾಗಿ ೨೫ ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಪಾಲು. ಉದ್ದ ಒಂದೆರಡು ಮಿಲಿಮೀಟರು.

ಇಷ್ಟು ಚಿಕ್ಕ ತಂತಿಯನ್ನು ಬಿಗಿಯಾಗಿ, ನೇರವಾಗಿ ಕಟ್ಟಿಬಿಡಬಾರದೇ ಎಂದು ಯಾರಾದರೂ ಕೇಳಬಹುದು. ಬಿಗಿಯಾಗಿ ಕಟ್ಟಿದರೆ, ಯಂತ್ರ ಬಿಸಿಯಾಗಿ ತಣ್ಣಗಾಗುವಾಗ ಲೋಹ ಹಿಗ್ಗಿ ಕುಗ್ಗಿ ಬೆಸುಗೆ ಕಿತ್ತುಬರುತ್ತದೆ. ತಗ್ಗಿನಲ್ಲಿ ಎಳೆದರೆ ತಂತಿ ಬಿಲ್ಲೆಯ ಅಂಚಿಗೆ ತಗುಲಿ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಆದುದರಿಂದ ತಂತಿ ಬಿಲ್ಲೆಯಿಂದ ಮೇಲಕ್ಕೆದ್ದು, ಕಮಾನಿನಂತೆ ಬಾಗಿ, ಆಚೆ ಬದಿಯಲ್ಲಿ ಇಳಿಯಬೇಕು. ತಂತಿಯ ಆಯುಷ್ಯವೆಲ್ಲ ಆ ಬಾಗಿನಲ್ಲಿ ಇದೆ. ಲೆಕ್ಕ ಹಾಕುವವನ ಕಷ್ಟವೂ ಅಲ್ಲಿಂದಲೇ ಆರಂಭವಾಗುತ್ತದೆ.

ಗೌತಮ ರಥವನ್ನು ಎಳೆದಂತೆ

ಮನೆಯ ದೀಪಕ್ಕೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಬಾರಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಆ ವಿದ್ಯುತ್ತಿಗೆ ಒಂದು ಮಿಲಿಮೀಟರಿನ ತಂತಿ ನೇರವಾಗಿದ್ದರೇನು, ಬಾಗಿದ್ದರೇನು? ಆದರೆ ಉಪಗ್ರಹದ, ರೇಡಾರಿನ ವಿದ್ಯುತ್ತು ಸೆಕೆಂಡಿಗೆ ಸಾವಿರ ಕೋಟಿ ಬಾರಿ ದಿಕ್ಕು ಬದಲಿಸುವುದುಂಟು. ಇಲ್ಲಿ ಇಂಡಕ್ಟೆನ್ಸ್ ಎಂಬ ಗುಣ ತಲೆಹಾಕುತ್ತದೆ.

ಅದನ್ನು ಹೀಗೆ ತಿಳಿಯಬಹುದು. ನಂಜನಗೂಡಿನ ದೊಡ್ಡ ಜಾತ್ರೆಯ ದಿನ ಗೌತಮ ರಥವನ್ನು ಸಾವಿರಾರು ಕೈಗಳು ಒಂದೇ ಸಮನೆ ಎಳೆದರೆ ರಥ ಮೆಲ್ಲಗೆ ಚಲಿಸುತ್ತದೆ. ಅದೇ ರಥವನ್ನು ಕಣ್ಣು ಮಿಟುಕಿಸುವುದರೊಳಗೆ ಹತ್ತು ಬಾರಿ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತೇವೆಂದರೆ ಅದು ನಿಂತ ಜಾಗದಿಂದ ಕದಲೀತೆ? ವಿದ್ಯುತ್ತಿನ ಹರಿವು ತಂತಿಯ ಸುತ್ತ ಕಾಂತಕ್ಷೇತ್ರವೊಂದನ್ನು ಕಟ್ಟುತ್ತದೆ. ಹರಿವು ಬದಲಾದಾಗಲೆಲ್ಲ ಆ ಕ್ಷೇತ್ರ ಬದಲಾವಣೆಗೆ ಎದುರಾಗಿ ನಿಲ್ಲುತ್ತದೆ. ಬದಲಾವಣೆ ಎಷ್ಟು ಚುರುಕೋ ಹಟವೂ ಅಷ್ಟು ಹೆಚ್ಚು.

ಈ ಹಟವನ್ನು ನೇರ ತಂತಿಗೆ ಲೆಕ್ಕ ಹಾಕುವ ಸೂತ್ರವನ್ನು ೧೯೦೮ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರಿ ಅಳತೆಯ ಸಂಸ್ಥೆಯಲ್ಲಿ ಎಡ್ವರ್ಡ್ ರೋಸಾ ಎಂಬ ವಿಜ್ಞಾನಿ ಪ್ರಕಟಿಸಿದರು. ಆ ಸಂಸ್ಥೆಯ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರಲಿದೆ. ೨೫ ಮೈಕ್ರಾನ್ ದಪ್ಪದ, ಒಂದು ಮಿಲಿಮೀಟರ್ ಉದ್ದದ ತಂತಿಗೆ ರೋಸಾ ಅವರ ಸೂತ್ರವನ್ನು ಹಚ್ಚಿ ನೋಡಿದರೆ ಇಂಡಕ್ಟೆನ್ಸ್ ಸುಮಾರು ೦.೮ ನ್ಯಾನೋಹೆನ್ರಿ ಎಂದು ಬರುತ್ತದೆ. ಮನೆಯ ವಿದ್ಯುತ್ತಿಗೆ ಅದು ಒಡ್ಡುವ ತಡೆ ಒಂದು ಓಮಿನ ೪೦ ಲಕ್ಷದಲ್ಲಿ ಒಂದು ಪಾಲು, ಇಲ್ಲವೆಂದೇ ಹೇಳಬೇಕು. ಸೆಕೆಂಡಿಗೆ ಸಾವಿರ ಕೋಟಿ ಆವರ್ತದ ವಿದ್ಯುತ್ತಿಗಾದರೋ ತಡೆ ಸುಮಾರು ೫೦ ಓಮ್. ಮೈಕ್ರೋವೇವ್ ಉಪಕರಣಗಳನ್ನು ಸಾಮಾನ್ಯವಾಗಿ ೫೦ ಓಮಿನ ಅಳತೆಗೇ ಕಟ್ಟುವುದರಿಂದ, ಅಲ್ಲಿ ಈ ಕೂದಲೆಳೆಯಂಥ ತಂತಿ ಇಡೀ ಉಪಕರಣಕ್ಕೆ ಸರಿಸಮನಾಗಿ ಎದ್ದು ನಿಂತಂತಾಯಿತು.

ಇನ್ನೂ ಒಂದು ತೊಡಕುಂಟು. ತಂತಿಯ ಕೆಳಗೆ ಲೋಹದ ಹಾಸೊಂದು ಇರುತ್ತದೆ. ತಂತಿ ಹಾಸಿಗೆ ಹತ್ತಿರವಾದಲ್ಲಿ ಹಟ ಕಡಿಮೆ, ಎತ್ತರಕ್ಕೆ ಹೋದಲ್ಲಿ ಹೆಚ್ಚು. ಬಾಗಿದ ತಂತಿಯ ಎತ್ತರ ಹೆಜ್ಜೆ ಹೆಜ್ಜೆಗೂ ಬೇರೆ. ಇಡೀ ತಂತಿಗೆ ಒಂದೇ ಸೂತ್ರ ಸಾಲದು. ಮೋಜಿಣಿದಾರನಂತೆ ಗೂಟ ಹೊಡೆದು, ತುಂಡು ತುಂಡಾಗಿ ಲೆಕ್ಕ ಹಾಕಲೇಬೇಕು.

ಮಹಾವೀರಾಚಾರ್ಯರ ಎರಡು ಲೆಕ್ಕ

ಈ ತುಂಡಿನ ವಿದ್ಯೆಯ ತವರನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕ್ರಿ.ಶ. ೪೯೯ರ ಆರ್ಯಭಟೀಯದಲ್ಲಿ ವೃತ್ತದ ಕಾಲುಭಾಗವನ್ನು ೨೪ ಸಮಪಾಲು ಮಾಡಿ, ಒಂದೊಂದಕ್ಕೂ ಜ್ಯಾ ಎಷ್ಟೆಂಬ ಪಟ್ಟಿ ಕೊಟ್ಟಿದೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ಬಿಲ್ಲು ಬಾಗಿರುತ್ತದೆ, ಹೆದೆ ನೇರವಾಗಿರುತ್ತದೆ. ನೇರವಾದುದರ ಅಳತೆಯಿಂದ ಬಾಗಿದುದರ ಅಳತೆ ತಿಳಿಯುತ್ತದೆ. ಇಂದಿನ ಎಂಜಿನಿಯರ್ ಬೆಸುಗೆ ತಂತಿಗೆ ಮಾಡುವುದೂ ಇದನ್ನೇ.

ಆದರೆ ನನಗೆ ಹೆಚ್ಚು ಆತ್ಮೀಯರಾಗಿ ಕಾಣುವವರು ಕನ್ನಡನಾಡಿನವರೇ ಆದ ಮಹಾವೀರಾಚಾರ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಅವರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದರು. ೧೯೧೨ರಲ್ಲಿ ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರಗಿನ ವಿದ್ವಾಂಸರ ಗಮನವೂ ಅತ್ತ ಹರಿಯಿತು. ಕ್ಷೇತ್ರಗಣಿತದ ಅಧ್ಯಾಯದಲ್ಲಿ ಮಹಾವೀರಾಚಾರ್ಯರು ಎರಡು ಬಗೆಯ ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಡುತ್ತಾರೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ವೃತ್ತದ ಸುತ್ತಳತೆ ಬೇಕೆ? ವ್ಯಾವಹಾರಿಕಕ್ಕೆ ವ್ಯಾಸದ ಮೂರರಷ್ಟು. ಸೂಕ್ಷ್ಮಕ್ಕೆ ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದು ನಿಜಕ್ಕಿಂತ ಶೇಕಡ ನಾಲ್ಕೂವರೆಯಷ್ಟು ಕಡಿಮೆ. ಎರಡನೆಯದು ಶೇಕಡ ಮುಕ್ಕಾಲಿಗಿಂತಲೂ ಕಡಿಮೆ ಅಂತರದಲ್ಲಿ ನಿಜವನ್ನು ದಾಟುತ್ತದೆ.

ಇಲ್ಲಿ ಮೆಚ್ಚಬೇಕಾದದ್ದು ಆಚಾರ್ಯರ ಪ್ರಾಮಾಣಿಕತೆ. ಎರಡನ್ನೂ ಕೊಟ್ಟು, ಇದು ಬಳಕೆಯ ಲೆಕ್ಕ, ಇದು ನುಣುಪಾದ ಲೆಕ್ಕ ಎಂದು ಹೆಸರಿಟ್ಟು ಹೇಳಿದರು. ಬಾವಿಯ ಕಟ್ಟೆಗೆ ಎಷ್ಟು ಕಲ್ಲು ಬೇಕೆನ್ನುವವನಿಗೆ ಮೊದಲನೆಯದು ಸಾಕು. ಸಾಕಾಗದ ಕಡೆ ಎರಡನೆಯದು ಇದೆ. ಯಾವುದು ಎಲ್ಲಿಗೆ ಎಂಬ ವಿವೇಕ ಲೆಕ್ಕ ಹಾಕುವವನದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿಯೇ ಬರೆದಾಗ ಈ ವಿದ್ಯೆ ನಮ್ಮ ಮಾತಿಗೂ ಇಳಿಯಿತು.

ಸೋಮನಾಥಪುರದ ಹದಿನಾರು ಮೂಲೆ

ಪುಸ್ತಕದಲ್ಲಿದ್ದುದು ಕಲ್ಲಿನಲ್ಲಿಯೂ ಇದೆ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಸೋಮನಾಥ ದಂಡನಾಯಕನು ಕೇಶವ ದೇವಾಲಯವನ್ನು ಕಟ್ಟಿಸಿದನು. ಬೇಲೂರು, ಹಳೇಬೀಡುಗಳೊಡನೆ ಇದೂ ೨೦೨೩ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಹೋದವರು ಮಲ್ಲಿತಮ್ಮನಂಥ ಶಿಲ್ಪಿಗಳು ಹೆಸರು ಕೆತ್ತಿದ ವಿಗ್ರಹಗಳನ್ನು ನೋಡಿ ಬೆರಗಾಗುತ್ತಾರೆ, ಆಗಲೇಬೇಕು. ನಾನು ಹೋದಾಗಲೆಲ್ಲ ವಿಗ್ರಹಗಳಿಗಿಂತ ಮೊದಲು ಗರ್ಭಗುಡಿಗಳ ಹೊರಗೋಡೆಯ ಮಡಿಕೆಗಳನ್ನು ನೋಡುತ್ತ ಜಗತಿಯ ಮೇಲೆ ಒಂದು ಸುತ್ತು ಬರುತ್ತೇನೆ.

ಮೂರು ಗರ್ಭಗುಡಿಗಳ ತಳವಿನ್ಯಾಸವೂ ಹದಿನಾರು ಮೂಲೆಯ ನಕ್ಷತ್ರ. ಅದನ್ನು ಬರೆಯುವ ಬಗೆ ಸುಲಭ. ಒಂದು ಚೌಕವನ್ನು ಬರೆದು, ಅದರ ಕೇಂದ್ರವನ್ನು ಕದಲಿಸದೆ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಮತ್ತೊಂದು ಚೌಕ ಬರೆಯಬೇಕು. ಹೀಗೆ ನಾಲ್ಕು ಚೌಕಗಳಾದರೆ ನಾಲ್ಕು ನಾಲ್ಕಲೆ ಹದಿನಾರು ಮೂಲೆಗಳು. ಹದಿನಾರೂ ಒಂದೇ ವೃತ್ತದ ಮೇಲೆ ನಿಲ್ಲುತ್ತವೆ. ದೂರದಿಂದ ನೋಡುವವನ ಕಣ್ಣಿಗೆ ಗುಡಿ ದುಂಡಗೆ ಕಾಣುತ್ತದೆ. ಹತ್ತಿರ ಬಂದರೆ ಬಾಗಿದ ಗೋಡೆಯೇ ಇಲ್ಲ, ಎಲ್ಲವೂ ನೇರವಾದ ಮುಖಗಳು.

ಆ ಹದಿನಾರು ತುದಿಗಳನ್ನು ಒಂದು ದಾರದಿಂದ ಸುತ್ತಿಬಂದರೆ ದಾರದ ಉದ್ದ ವೃತ್ತದ ಸುತ್ತಳತೆಗಿಂತ ಎಷ್ಟು ಕಡಿಮೆಯಾದೀತು? ಲೆಕ್ಕ ಹಾಕಿ ನೋಡಿದರೆ ಶೇಕಡ ೦.೬೪ ಮಾತ್ರ. ಎಂಟು ತುದಿಗಳಾಗಿದ್ದರೆ ಶೇಕಡ ೨.೫, ನಾಲ್ಕೇ ಆಗಿದ್ದರೆ ಶೇಕಡ ೧೦. ಮೂವತ್ತೆರಡು ಮಾಡಿದರೆ ಶೇಕಡ ೦.೧೬. ತುದಿಗಳನ್ನು ಇಮ್ಮಡಿಸಿದಾಗಲೆಲ್ಲ ತಪ್ಪು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೊದಲ ಕೆಲವು ತುಂಡುಗಳಿಂದ ದೊಡ್ಡ ಲಾಭ; ಆಮೇಲೆ ಶ್ರಮ ಮಾತ್ರ ಹೆಚ್ಚುತ್ತದೆ, ಫಲ ಹೆಚ್ಚುವುದಿಲ್ಲ.

ನಂಜನಗೂಡಿನಲ್ಲಿ ಕಪಿಲೆಗೆ ೧೭೩೫ರಲ್ಲಿ ಕಟ್ಟಿದ ಹಳೆಯ ಸೇತುವೆಯೂ ಇದನ್ನೇ ಹೇಳುತ್ತದೆ. ಅದರ ಕಮಾನುಗಳಲ್ಲಿ ಬಾಗಿದ ಕಲ್ಲನ್ನು ಹುಡುಕಬೇಕಾಗಿಲ್ಲ. ಕಲ್ಲುಗಳು ಒಂದರ ಪಕ್ಕದಲ್ಲೊಂದು ಸ್ವಲ್ಪ ಸ್ವಲ್ಪವೇ ವಾಲಿ ಕುಳಿತು ಬಾಗನ್ನು ಮಾಡಿವೆ. ೧೮೯೧ರಲ್ಲಿ ಮೈಸೂರಿನಿಂದ ರೈಲು ಬಂದಾಗ ಅದರ ಭಾರವನ್ನೂ ಆ ಕಮಾನುಗಳೇ ಹೊತ್ತವು.

ನಂಜನಗೂಡಿನ ವಕೀಲರ ಮಗಳು

ಇನ್ನು ಹೊಸ ಕಾಲದ ಕಥೆಗೆ ಬರೋಣ. ನಂಜನಗೂಡಿನಲ್ಲಿ ಬಿ. ಎಂ. ಶಿವರಾಮಯ್ಯ ಎಂಬ ವಕೀಲರಿದ್ದರು. ೧೯೨೨ರ ಜನವರಿ ೨೪ರಂದು ಅವರಿಗೆ ಹುಟ್ಟಿದ ಮಗಳೇ ರಾಜೇಶ್ವರಿ. ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊಟ್ಟಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ಅಜ್ಜಿ ತೆರೆದ ಶಾಲೆಯಲ್ಲಿಯೇ ಮೊಮ್ಮಗಳು ಮೊದಲ ಅಕ್ಷರ ಕಲಿತಳು. ಇತಿಹಾಸ ಓದಬೇಕೆಂಬ ಆಸೆಯೂ ಇತ್ತಂತೆ. ಕೊನೆಗೆ ಆರಿಸಿಕೊಂಡದ್ದು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಎರಡರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾದರು.

೧೯೪೩ರಲ್ಲಿ ರಾಜೇಶ್ವರಿಯವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಸಂಸ್ಥೆಯನ್ನು, ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. ೧೯೪೭ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಹಡಗೇರಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಮದುವೆಯಾಗದ ಹುಡುಗಿ ಒಬ್ಬಳೇ ಕಡಲು ದಾಟುವುದು ಆ ಕಾಲದ ಮನೆಗಳಲ್ಲಿ ಎಷ್ಟು ದೊಡ್ಡ ಮಾತಾಗಿತ್ತೆಂಬುದನ್ನು ಹಿರಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಎಂಟು ತಿಂಗಳ ಪ್ರಾಯೋಗಿಕ ತರಬೇತಿಗೆ ಅವರು ಹೋದದ್ದೆಲ್ಲಿಗೆ? ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ಗೆ, ರೇಡಿಯೊ ಆವರ್ತಗಳನ್ನು ಅಳೆಯುವ ವಿಭಾಗಕ್ಕೆ. ನಾಲ್ಕು ದಶಕಗಳ ಹಿಂದೆ ರೋಸಾ ತಂತಿಯ ಸೂತ್ರವನ್ನು ಬರೆದಿದ್ದ ಸಂಸ್ಥೆಯಲ್ಲಿ ನಂಜನಗೂಡಿನ ವಕೀಲರ ಮಗಳು ಅಳತೆಯ ವಿದ್ಯೆ ಕಲಿತರು.

ಪ್ರೊಫೆಸರ್ ವಿಲಿಯಂ ಡೋ ಅವರ ಮಾರ್ಗದರ್ಶನದಲ್ಲಿ ೧೯೫೩ರಲ್ಲಿ ಡಾಕ್ಟರೇಟ್ ಪಡೆದು ಅದೇ ವರ್ಷ ಬೆಂಗಳೂರಿಗೆ ಹಿಂದಿರುಗಿದರು. ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ವಿಭಾಗದಲ್ಲಿ ಅಧ್ಯಾಪಕಿಯಾದರು. ಅಲ್ಲಿನ ಅಧ್ಯಾಪಕ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ದಂಪತಿಗಳು ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಶಾಲೆಯನ್ನು ಬೆಳೆಸಿದರು. ರಾಜೇಶ್ವರಿ ಚಟರ್ಜಿಯವರು ವಿದ್ಯುತ್ಕಾಂತೀಯ ಸಿದ್ಧಾಂತವನ್ನೂ ಮೈಕ್ರೋವೇವ್ ತಂತ್ರವನ್ನೂ ಬೋಧಿಸಿದರು. ಆಂಟೆನಾಗಳ ಮೇಲೆ ಸಂಶೋಧನೆ ನಡೆಸಿದರು. ಇಪ್ಪತ್ತು ಮಂದಿಗೆ ಡಾಕ್ಟರೇಟ್ ಮಾರ್ಗದರ್ಶನ ಮಾಡಿದರು. ನೂರಕ್ಕೂ ಹೆಚ್ಚು ಸಂಶೋಧನ ಲೇಖನಗಳನ್ನೂ ಹಲವು ಗ್ರಂಥಗಳನ್ನೂ ಬರೆದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ. ವಿಭಾಗದ ಮುಖ್ಯಸ್ಥೆಯೂ ಆಗಿ, ೧೯೮೨ರಲ್ಲಿ ನಿವೃತ್ತರಾಗಿ, ೨೦೧೦ರ ಸೆಪ್ಟೆಂಬರ್ ೩ರಂದು ತೀರಿಕೊಂಡರು.

ಆಂಟೆನಾ ಎಂದರೇನು? ಬೇಕೆಂದೇ ಅಲೆಗಳನ್ನು ಹೊರಸೂಸುವ ತಂತಿ. ಬೆಸುಗೆ ತಂತಿ ಎಂದರೇನು? ಹೊರಸೂಸಬಾರದೆಂದರೂ ಒಂದಿಷ್ಟು ಸೂಸಿಬಿಡುವ ತಂತಿ. ಎರಡರ ಗಣಿತವೂ ಒಂದೇ. ಆ 'ಅಕ್ಕ–ತಂಗಿ'ಯರಲ್ಲಿ ಅಕ್ಕನ ಲೆಕ್ಕವನ್ನು ನಮ್ಮವರಿಗೆ ಮೂರು ದಶಕ ಕಲಿಸಿದವರು ರಾಜೇಶ್ವರಿಯವರು.

ಯಂತ್ರಕ್ಕೂ ತುಂಡೇ ಬೇಕು

ತೆಳುವಾದ ತಂತಿಯಲ್ಲಿ ವಿದ್ಯುತ್ತು ಹೇಗೆ ಹಂಚಿಕೊಳ್ಳುತ್ತದೆಂಬ ಸಮೀಕರಣವನ್ನು ೧೮೯೭ರಲ್ಲಿಯೇ ಇಂಗ್ಲೆಂಡಿನ ಪಾಕ್ಲಿಂಗ್ಟನ್ ಬರೆದಿದ್ದರು. ಬರೆದದ್ದೇನೋ ಆಯಿತು, ಬಿಡಿಸುವುದು ಕಷ್ಟವಾಗಿತ್ತು. ಗಣಕಯಂತ್ರ ಬಂದ ಮೇಲೆ ದಾರಿ ತೆರೆಯಿತು. ತಂತಿಯನ್ನು ತುಂಡು ಮಾಡಿ, ಒಂದೊಂದು ತುಂಡಿನ ವಿದ್ಯುತ್ತನ್ನೂ ಒಂದೊಂದು ಅಜ್ಞಾತ ಸಂಖ್ಯೆಯೆಂದಿಟ್ಟು, ಅಷ್ಟೂ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಕ್ರಮವನ್ನು ಹ್ಯಾರಿಂಗ್ಟನ್ ೧೯೬೮ರ ತಮ್ಮ ಗ್ರಂಥದಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ೧೯೭೨ರಲ್ಲಿ ಐಬಿಎಂ ಸಂಸ್ಥೆಯ ರೂಹ್ಲಿ ಚಿಪ್ಪುಗಳ ಒಳಗಿನ ವಾಹಕಗಳಿಗೆ ತುಂಡು ತುಂಡಾಗಿ ಇಂಡಕ್ಟೆನ್ಸ್ ಹೇಳುವ ಬಗೆಯನ್ನು ತೋರಿಸಿದರು.

೧೯೬೬ರಲ್ಲಿ ಯೀ ಎಂಬವರು ಬೇರೆಯೇ ದಾರಿ ಹಿಡಿದಿದ್ದರು. ತಂತಿಯನ್ನಷ್ಟೇ ಅಲ್ಲದೆ ಸುತ್ತಲಿನ ಜಾಗವನ್ನೆಲ್ಲ ಇಟ್ಟಿಗೆಗಳಂತೆ ವಿಭಾಗಿಸುವ ಕ್ರಮ ಅವರದು. ಇದರಲ್ಲಿ ಬಾಗಿದ ತಂತಿ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತದೆ. ಹೆದೆಗೂ ಮೆಟ್ಟಿಲಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಒಂದಡಿ ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಗೆರೆ ಎಳೆದರೆ ಉದ್ದ ೧.೪೧ ಅಡಿ. ಮೆಟ್ಟಿಲು ಮೆಟ್ಟಿಲಾಗಿ ಹೋದರೆ ೨ ಅಡಿ. ಮೆಟ್ಟಿಲುಗಳನ್ನು ಸಾವಿರ ಮಾಡಿ, ಲಕ್ಷ ಮಾಡಿ, ಕಣ್ಣಿಗೆ ಓರೆಗೆರೆಯಂತೆಯೇ ಕಾಣಿಸಿದರೂ ಉದ್ದ ೨ ಅಡಿಯೇ! ತುಂಡು ಎಷ್ಟು ಚಿಕ್ಕದೆಂಬುದರಷ್ಟೇ ಅದು ಎಂಥ ತುಂಡೆಂಬುದೂ ಮುಖ್ಯ. ಅದಕ್ಕಾಗಿ ಮುಂದಿನವರು ಇಟ್ಟಿಗೆಯನ್ನು ಓರೆಯಾಗಿ ಕತ್ತರಿಸುವ ಉಪಾಯಗಳನ್ನು ಹೂಡಿದರು.

ಇದೇ ಸುಮಾರಿಗೆ ಮನುಷ್ಯನ ದೇಹವನ್ನೇ ಘನಾಕಾರದ ತುಂಡುಗಳಾಗಿ ಕಲ್ಪಿಸಿ, ಅದರ ಮೇಲೆ ರೇಡಿಯೊ ಅಲೆ ಬಿದ್ದಾಗ ಎಷ್ಟು ಬಿಸಿಯಾದೀತೆಂದು ಲೆಕ್ಕ ಹಾಕುವ ಕೆಲಸವೂ ನಡೆಯಿತು. ಅಮೆರಿಕದಲ್ಲಿ ಅಂಥ ಒಂದು ಮಾದರಿಯನ್ನು ೧೯೮೦ರ ದಶಕದ ಆರಂಭದಲ್ಲಿ ಓಂ ಗಾಂಧಿಯವರೊಡನೆ ಪ್ರಕಟಿಸಿದ ಇಂದಿರಾ ಚಟರ್ಜಿ, ರಾಜೇಶ್ವರಿಯವರ ಮಗಳು. ತಾಯಿಯ ವಿದ್ಯೆ ಮಗಳಲ್ಲಿ ಹೀಗೆ ಮುಂದುವರಿಯಿತು.

ಈಗ ಈ ಲೆಕ್ಕವನ್ನೆಲ್ಲ ಸಿದ್ಧ ತಂತ್ರಾಂಶಗಳು ಮಾಡುತ್ತವೆ. ಆದರೂ ಗೂಟ ಹೊಡೆಯುವವನ ಕಷ್ಟ ತಪ್ಪಿಲ್ಲ. ನಮ್ಮ ಅಣ್ಣನ ಮಗನೊಬ್ಬ ಟಿ. ನರಸೀಪುರದಲ್ಲಿ ಓದಿ ಬೆಳೆದು ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಅವನನ್ನು ವಿಚಾರಿಸಿದೆ.

"ತಂತಿಯನ್ನು ಇದ್ದ ಹಾಗೆಯೇ ದುಂಡಗೆ, ನುಣ್ಣಗೆ ಬರೆದುಕೊಟ್ಟರೆ ಯಂತ್ರ ರಾತ್ರಿಯೆಲ್ಲ ಲೆಕ್ಕ ಹಾಕುತ್ತಲೇ ಇರುತ್ತದೆ, ಚಿಕ್ಕಪ್ಪ. ಬೆಳಗ್ಗೆ ಹೋಗಿ ನೋಡಿದರೆ ಇನ್ನೂ ಮುಗಿದಿರುವುದಿಲ್ಲ" ಎಂದ.

"ಹಾಗಾದರೆ ಏನು ಮಾಡುತ್ತೀಯಪ್ಪ?"

"ದುಂಡು ತಂತಿಯನ್ನು ಆರು ಮುಖದ ಕಡ್ಡಿ ಮಾಡುತ್ತೇವೆ. ಬಾಗನ್ನು ಮೂರು ನಾಲ್ಕು ನೇರ ತುಂಡು ಮಾಡುತ್ತೇವೆ. ತುಂಡು ಕೂಡುವ ಕಡೆ ಹೊರಮೈಯಲ್ಲಿ ಸಂದು ಬೀಳುತ್ತದಲ್ಲ, ಅಲ್ಲಿಗೆ ಒಂದು ಪುಟ್ಟ ಗುಂಡು ಇಟ್ಟು ಮುಚ್ಚುತ್ತೇವೆ. ತಂತಿಯ ತುದಿ ಮಚ್ಚೆಗೆ ನಿಜವಾಗಿ ತಾಕಿದೆಯೋ ಇಲ್ಲವೋ ಎಂದು ದೊಡ್ಡದು ಮಾಡಿ ನೋಡುತ್ತೇವೆ. ಕಣ್ಣಿಗೆ ಕಾಣದಷ್ಟು ಸಂದಿದ್ದರೂ ಯಂತ್ರ ಅದನ್ನು ತುಂಡಾದ ತಂತಿ ಅಂತಲೇ ತಿಳಿಯುತ್ತದೆ."

ಆರು ಮುಖವೆಂದು ಅವನೆಂದ ಕೂಡಲೇ ನನಗೆ ಮಹಾವೀರಾಚಾರ್ಯರ ನೆನಪಾಯಿತು. ವೃತ್ತದೊಳಗೆ ಸಮಷಟ್ಕೋನವನ್ನು ಕೂಡಿಸಿದರೆ ಅದರ ಸುತ್ತಳತೆ ವ್ಯಾಸದ ಸರಿಯಾಗಿ ಮೂರರಷ್ಟು. ಎಂದರೆ, ಆಚಾರ್ಯರ ವ್ಯಾವಹಾರಿಕ ಲೆಕ್ಕ! ಸಾವಿರದ ಇನ್ನೂರು ವರ್ಷಗಳ ಬಳಿಕ ಬೆಂಗಳೂರಿನ ಎಂಜಿನಿಯರು ತನಗೆ ತಿಳಿಯದೆಯೇ ಅದನ್ನು ಬಳಸುತ್ತಿದ್ದಾನೆ.

ಇದು ಸರಿಯೆ? ಸರಿ. ರೋಸಾ ಅವರ ಸೂತ್ರದಲ್ಲಿ ತಂತಿಯ ದಪ್ಪ ಲಾಗರಿತಮಿನೊಳಗೆ ಅಡಗಿ ಕುಳಿತಿದೆ. ದಪ್ಪದಲ್ಲಿ ಶೇಕಡ ನಾಲ್ಕೂವರೆ ತಪ್ಪಿದರೂ ಇಂಡಕ್ಟೆನ್ಸಿನಲ್ಲಿ ಆಗುವ ವ್ಯತ್ಯಾಸ ಶೇಕಡ ಒಂದರ ಆಸುಪಾಸು. ಆದರೆ ಉದ್ದದ ಮಾತು ಬೇರೆ. ಒಂದು ಮಿಲಿಮೀಟರ್ ಅಗಲದ ಅರ್ಧವೃತ್ತದಂತೆ ಬಾಗಿದ ತಂತಿಯನ್ನು ಎರಡೇ ತುಂಡು ಮಾಡಿದರೆ ಉದ್ದದಲ್ಲಿ ಶೇಕಡ ಹತ್ತು ಹೋಯಿತು. ಸಾವಿರ ಕೋಟಿ ಆವರ್ತದಲ್ಲಿ ಅದು ಸುಮಾರು ೮ ಓಮಿನ ತಪ್ಪು. ನಾಲ್ಕು ತುಂಡು ಮಾಡಿದರೆ ೨ ಓಮಿಗೆ ಇಳಿಯುತ್ತದೆ. ಎತ್ತರವನ್ನೂ ಹೀಗೆಯೇ ಜೋಪಾನವಾಗಿ ಹಿಡಿಯಬೇಕು. ದಪ್ಪದಲ್ಲಿ ವ್ಯಾವಹಾರಿಕ ಸಾಕು. ಉದ್ದದಲ್ಲಿ, ಎತ್ತರದಲ್ಲಿ ಸೂಕ್ಷ್ಮ ಬೇಕು. ೧೯೯೭ರಲ್ಲಿ ಜೆಡೆಕ್ ಎಂಬ ಅಮೆರಿಕದ ಸಂಸ್ಥೆ ಬೆಸುಗೆ ತಂತಿಯ ಮಾದರಿಗೆ ನಾಲ್ಕು ಅಥವಾ ಐದು ಬಿಂದುಗಳ ಕ್ರಮವನ್ನು ಗೊತ್ತುಮಾಡಿತು. ಎಂದರೆ ಮೂರು ಅಥವಾ ನಾಲ್ಕು ತುಂಡು. ಸಾಮಾನ್ಯ ಕೆಲಸಕ್ಕೆ ಅಷ್ಟು ಗೂಟ ಸಾಕೆಂದು ತಿಳಿದವರು ಒಪ್ಪಿದ್ದಾರೆ.

ನಾಳೆಯ ಮಾತು

ಇದು ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಚಿಪ್ಪುಗಳನ್ನು ಕೂರಿಸುವ ಸರ್ಕ್ಯೂಟ್ ಹಲಗೆಗಳು ತಯಾರಾಗುತ್ತವೆ. ಅಲ್ಲಿದ್ದ ಇಂಡಾಲ್ ಕಾರ್ಖಾನೆಯನ್ನು ೧೯೯೯ರಲ್ಲಿ ಆಸ್ಟ್ರಿಯದ ಎಟಿ ಅಂಡ್ ಎಸ್ ಕಂಪನಿ ಕೊಂಡಿತು. ಮೈಸೂರಿನಲ್ಲಿ ೧೯೮೮ರಲ್ಲಿ ಆರಂಭವಾದ ಕೇನ್ಸ್ ಸಂಸ್ಥೆಯ ಅಂಗವೊಂದು ಗುಜರಾತಿನ ಸಾನಂದದಲ್ಲಿ ಚಿಪ್ಪುಗಳನ್ನು ಜೋಡಿಸಿ ಕವಚ ತೊಡಿಸುವ ಕಾರ್ಖಾನೆ ಕಟ್ಟಲು ಕೇಂದ್ರ ಸಂಪುಟ ೨೦೨೪ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಸುಮಾರು ೩,೩೦೦ ಕೋಟಿ ರೂಪಾಯಿಯ, ದಿನಕ್ಕೆ ೬೦ ಲಕ್ಷ ಚಿಪ್ಪುಗಳ ಯೋಜನೆ ಅದು. ಇದುವರೆಗೆ ಬಹುಪಾಲು ಹೊರನಾಡುಗಳಲ್ಲಿ ಆಗುತ್ತಿದ್ದ ಬೆಸುಗೆ ನಮ್ಮ ನಾಡಿಗೂ ಬರುತ್ತಿದೆಯೆಂದಾಯಿತು.

ಬೆಸುಗೆಯ ಯಂತ್ರವನ್ನು ಹಣ ಕೊಟ್ಟು ತರಿಸಬಹುದು. ತಂತ್ರಾಂಶವನ್ನು ವರ್ಷವರ್ಷವೂ ಬಾಡಿಗೆ ತೆತ್ತು ಪಡೆಯಬಹುದು. ಪರದೆಯ ಮೇಲೆ ಅದು ಬಣ್ಣಬಣ್ಣದ ಚಿತ್ರವನ್ನೂ ದಶಮಾಂಶದ ನಾಲ್ಕು ಸ್ಥಾನಗಳ ಉತ್ತರವನ್ನೂ ಕೊಡುತ್ತದೆ. ಆದರೆ ಇದು ವ್ಯಾವಹಾರಿಕವೋ ಸೂಕ್ಷ್ಮವೋ ಎಂಬುದನ್ನು ಮಹಾವೀರಾಚಾರ್ಯರಂತೆ ಹೆಸರಿಟ್ಟು ಹೇಳುವುದಿಲ್ಲ. ಎರಡು ತುಂಡಿನ ತಂತಿಗೂ ಹದಿನಾರು ತುಂಡಿನ ತಂತಿಗೂ ಒಂದೇ ಗತ್ತಿನಿಂದ ಉತ್ತರ ಹೇಳುತ್ತದೆ. ಅದನ್ನು ತೂಗಿ ನೋಡುವ ವಿವೇಕ ಬಾಡಿಗೆಗೆ ಸಿಗುವಂಥದ್ದಲ್ಲ, ತರಗತಿಯಲ್ಲಿ ಕಲಿಸಬೇಕು. ನಮ್ಮ ಶಾಲೆಗಳಲ್ಲಿ ಪೈ ಎಂದರೆ ೨೨/೭ ಎಂದು ಬಾಯಿಪಾಠ ಮಾಡಿಸುತ್ತಾರೆ. ಅದು ಎಷ್ಟು ತಪ್ಪು, ಆ ತಪ್ಪು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಹೇಳಿಕೊಡುವ ಮೇಷ್ಟರು ಎಷ್ಟು ಮಂದಿ? ಟಿ. ನರಸೀಪುರದ ಮಕ್ಕಳನ್ನು ಒಂದು ದಿನ ಸೋಮನಾಥಪುರಕ್ಕೆ ಕರೆದೊಯ್ದು, ಕೈಗೊಂದು ದಾರ ಕೊಟ್ಟು, ಅಂಗಳದಲ್ಲಿ ನಾಲ್ಕು ಚೌಕಗಳನ್ನು ಬರೆಸಿದರೆ ಒಂದು ಮಧ್ಯಾಹ್ನದಲ್ಲಿ ಅದು ಅವರಿಗೆ ತಿಳಿದೀತು.

ಇನ್ನೊಂದು ಮಾತು. ದೇವಾಲಯಕ್ಕೂ ಬಾಳೆಹಣ್ಣಿಗೂ ಹಲ್ಲುಪುಡಿಗೂ ಹೆಸರಾದ ನಂಜನಗೂಡಿನಲ್ಲಿ ರಾಜೇಶ್ವರಿ ಚಟರ್ಜಿಯವರ ಹೆಸರು ಹೇಳಿ ನಾನು ಹಲವರನ್ನು ಕೇಳಿದ್ದೇನೆ. ಬಂಗಾಳದವರೇ ಎಂದು ಮರುಪ್ರಶ್ನೆ ಹಾಕಿದವರೇ ಹೆಚ್ಚು. ತಮ್ಮ ಊರಿನ ವಕೀಲರೊಬ್ಬರ ಮಗಳು ೧೯೫೩ರಲ್ಲಿಯೇ ಈ ನಾಡಿನಲ್ಲಿ ಮೈಕ್ರೋವೇವ್ ವಿದ್ಯೆಯನ್ನು ಬೋಧಿಸಲು ನಿಂತರೆಂದು ಅಲ್ಲಿನ ಹೆಣ್ಣುಮಕ್ಕಳಿಗೆ ಯಾರಾದರೂ ಹೇಳಬೇಕು. ಅದಕ್ಕೂ ಮೊದಲು ಅವರ ಅಜ್ಜಿಯೊಬ್ಬರು ಶಾಲೆ ತೆರೆದಿದ್ದರೆಂಬುದನ್ನೂ ಸೇರಿಸಿ ಹೇಳಬೇಕು. ಕಮಲಮ್ಮನವರು ಆ ಶಾಲೆಯನ್ನು ತೆರೆಯದೆ ಹೋಗಿದ್ದರೆ ಮಿಷಿಗನ್ನಿಗೆ ಹೋಗುವ ಹಡಗಿನಲ್ಲಿ ಆ ಹುಡುಗಿಯ ಜಾಗ ಖಾಲಿಯಿರುತ್ತಿತ್ತು.